ತೊಳೆಯಬೇಡ ಅದನ್ನು

ಇಟಲಿಯ ಯಾವುದೋ ಕಡಲೂರಿನ ಹುಡುಗ, ಹೆಸರು ಎಲಿಯೊ,
ನನ್ನ ಟೈಲರಿಂಗ್ ಅಂಗಡಿಯ ಕೌಂಟರಿನ ಮೇಲೆ
ಹಸುಗೂಸನ್ನು ಮಲಗಿಸಿದ ಹಾಗೆ ಇಟ್ಟ
ಹನ್ನೆರಡು ಇಂಚಿನ ಕಪ್ಪು ತಟ್ಟೆ.
ಲೋಕಕ್ಕೆಲ್ಲ ಒತ್ತಿದ್ದು ಮುನ್ನೂರೇ ಅಂತೆ.
ಉಳಿದಿರುವುದು ಆರೋ ಏಳೋ.
ಇದು ಇಲ್ಲೇ ನೆವಾರ್ಕಿನಲ್ಲಿ, ನೆಲಮಾಳಿಗೆಯೊಂದರ
ಬಾಯ್ಲರಿನ ಹಿಂದೆ, ಇಲಿ ಕಡಿದ ರಟ್ಟಿನ ಪೆಟ್ಟಿಗೆಯಲ್ಲಿತ್ತಂತೆ.

"ಆ ಕ್ಲಬ್ಬಿನಲ್ಲಿ ನೀವಿದ್ದಿರಂತೆ?"
ಇದ್ದೆನಪ್ಪ. ಕುಣಿದವಳಲ್ಲ.
ಬಾಗಿಲ ಪಕ್ಕದ ಗೂಡಿನಲ್ಲಿ ಕೂತು ಕೋಟು ಕಾಯುತ್ತಿದ್ದೆ,
ತಲೆಗೆ ಐವತ್ತು ಸೆಂಟು, ಒಂದು ಹಿತ್ತಾಳೆ ಬಿಲ್ಲೆ.

ಮುಖ ನೋಡುವಷ್ಟು ಬೆಳಕೆಲ್ಲಿತ್ತು ಅಲ್ಲಿ?
ವಾಸನೆಯಿಂದ ಗುರುತು.
ಸ್ಪಿರಿಟ್ಟಿನ ಘಾಟು ಬಂದರೆ ನೂರಾ ನಾಲ್ಕು, ಅಲ್ತಿಯಾ,
ನೈಟ್ ಡ್ಯೂಟಿಗೆ ಚಕ್ಕರ್ ಹೊಡೆದ ನರ್ಸಮ್ಮ.
ಹದಿನೇಳು, ಲೆಮ್ಯುಯೆಲ್. ಚರ್ಚಿನಲ್ಲಿ ಹಾಡುವವರ ಮೊದಲ ಸಾಲು.
ಅವನ ಎಡಜೇಬಿನಲ್ಲಿ ಬೈಬಲ್ಲು,
ಬಲಜೇಬಿನಲ್ಲಿ ಮಕ್ಕಳ ಪೌಡರಿನ ಡಬ್ಬಿ.
ನೆಲಕ್ಕೆ ಚೆಲ್ಲಿದರೆ ಕಾಲು ಜಾರುತ್ತದೆ, ಬೆಣ್ಣೆಯ ಮೇಲೆ ಜಾರಿದಂತೆ.
ಅದಕ್ಕೆ.

ಹಾಡು ನನಗೆ ಗೋಡೆಯಿಂದ ಬರುತ್ತಿತ್ತು.
ಮಾತಿಲ್ಲ, ಪಿಟೀಲಿಲ್ಲ, ತುತ್ತೂರಿಯಿಲ್ಲ.
ಬರೀ ಬೇಸು,
ಬೆನ್ನಹುರಿಯ ಒಂದೊಂದು ಮಣಿಯನ್ನೂ ತಟ್ಟಿ
ಯಾರಿದ್ದೀರಿ ಒಳಗೆ ಎಂದು ಕೇಳುವಂತೆ.
ಹ್ಯಾಂಗರುಗಳು ನಡುಗುತ್ತಿದ್ದವು,
ಖಾಲಿ ತೋಳುಗಳು ತೂಗುತ್ತಿದ್ದವು.
ನನ್ನ ಜೊತೆ ಕುಣಿದಿದ್ದರೆ ಅವೇ.

ಎಲಿಯೊ ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದ.
ಗೀರುಗಳ ಸಂದಿಯಲ್ಲಿ ಬಿಳಿ.
"ಬೂಷ್ಟು," ಎಂದು ಚೀಲದಿಂದ ಬುರುಸು ತೆಗೆದ, ಏನೋ ನೀಲಿ ದ್ರಾವಣ.
ತೊಳೆಯಬೇಡ ಅದನ್ನು, ಎಂದೆ.
ದನಿ ಎಲ್ಲಿಂದ ಅಷ್ಟು ಜೋರಾಗಿ ಬಂತೋ,
ಇಸ್ತ್ರಿ ಮಾಡುತ್ತಿದ್ದವಳು ತಿರುಗಿ ನೋಡಿದಳು.

ಲೇಬಲ್ಲಿನ ಮೇಲೆ ಪೆನ್ಸಿಲ್ಲು, ಥಡಿಯಸ್‌ನ ಕೋಳಿಕಾಲು ಅಕ್ಷರ:
'ನಾಲ್ಕನೇ ನಿಮಿಷ. ಲೈಟು ಆರಿಸು.'
ಮಿಕ್ಕ ವಾದ್ಯವೆಲ್ಲ ಬಾಯಿ ಮುಚ್ಚಿ
ಡ್ರಮ್ಮೂ ಬೇಸೂ ಎರಡೇ ಉಳಿಯುವ ಜಾಗ ಅದು.
ಆ ಕತ್ತಲಲ್ಲೇ ಲೆಮ್ಯುಯೆಲ್ ಡಬ್ಬಿ ಎತ್ತಿ ಕೊಡವುತ್ತಿದ್ದದ್ದು.
ಒಳಗೆ ಹೋಗಿ ಕಂಡವಳಲ್ಲ ನಾನು.
ಬೆಳಗಿನ ಆರಕ್ಕೆ ಬಿಲ್ಲೆ ಚಾಚಿದ ಕೈಗಳೆಲ್ಲ
ಹಿಟ್ಟಿನ ಗಿರಣಿಯಿಂದ ಬಂದಂತಿರುತ್ತಿದ್ದವು.

ಆಮೇಲೆ ಎಂಬತ್ತೆರಡು, ಎಂಬತ್ಮೂರು.
ಹ್ಯಾಂಗರು ಖಾಲಿ ಉಳಿಯತೊಡಗಿದವು.
ಊರು ಬಿಟ್ಟರು ಅಂದುಕೊಂಡೆ. ಮದುವೆಯಾದರು ಅಂದುಕೊಂಡೆ.
ಒಂದು ಜನವರಿ ರಾತ್ರಿ
ಹದಿನೇಳನ್ನು ಹಿಂಬಾಗಿಲಿನಿಂದ ಹೊತ್ತೊಯ್ದರು,
ಬರೀ ಅಂಗಿಯಲ್ಲಿ,
ಆ ಚಳಿಯಲ್ಲಿ.
ಬಿಲ್ಲೆ ಅವನ ಹತ್ತಿರವೇ ಹೋಯಿತು.

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ.
ಎಷ್ಟು ಕೊಟ್ಟೆ ಎಂದಷ್ಟೇ ಕೇಳಿದೆ.
"ಒಂಬೈನೂರು ಡಾಲರ್."
ನಾಲ್ಕು ಡಾಲರಿಗೆ ಇಡೀ ರಾತ್ರಿ ಕೊಡುತ್ತಿದ್ದೆವು ಕಣೋ,
ಮೇಲೆ ಕಿತ್ತಳೆ ಹಣ್ಣು ಪುಕ್ಕಟೆ.

ಅಂಗಡಿಯ ಹಳೆ ಸ್ಪೀಕರಿಗೆ ವೈರು ಸಿಕ್ಕಿಸಿದ.
ನಲವತ್ತು ವರ್ಷದ ಮೇಲೆ ಮೊದಲ ಸಲ
ಹಾಡಿಗೆ ಮಾತಿರುವುದು ಕೇಳಿಸಿತು:
ಬಾಡಿಗೆ ಕಟ್ಟಲಾಗದವನೊಬ್ಬ
ಮನೆ ಮಾಲೀಕಳಿಗೆ ಹೊಡೆಯುವ ಮಸ್ಕಾ!
ಇಷ್ಟೇನಾ?
ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಮೂರನೇ ನಿಮಿಷಕ್ಕೆ ಎದ್ದು
ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.
ನಾಳೆ ಕೊಡಬೇಕಾದ ಬಟ್ಟೆಗಳ ನಡುವೆ,
ಕೊಡಲಿಕ್ಕೆ ಯಾರೂ ಇಲ್ಲದ ಒಂದು ಒಂಟೆಬಣ್ಣದ ಕೋಟಿನ ಪಕ್ಕ,
ಗೋಡೆಗೆ ಬೆನ್ನು ಕೊಟ್ಟು ನಿಂತೆ.
ಹಾಂ.
ಇದು. ಇದೇ ಆ ಹಾಡು.
ದೀಪ ಆರಿಸಿದೆ.

ಈಚೆ ಬಂದಾಗ ಸೂಜಿಯ ತುದಿಯಲ್ಲಿ
ಹತ್ತಿಯಷ್ಟು ಬಿಳಿ ಮುದ್ದೆ ಸೇರಿತ್ತು.
ಹುಡುಗ ಊದಲು ಬಾಯಿ ತೆರೆದ.
ತಡೆದೆ.
ಕಿರುಬೆರಳಿಗೆ ತೆಗೆದು, ಕುರ್ಚಿ ಹಿಡಿದು ಬಗ್ಗಿ,
ಮಂಡಿ ಬೇಡವೆಂದರೂ,
ಎರಡೂ ಬೂಟಿನ ಅಟ್ಟೆಗೆ ಸವರಿಕೊಂಡೆ.