ಸೋಮವಾರದ ತರಗತಿ, ಪೀಟರ್‌ಹೆಡ್

ಮೀನು ಹರಾಜಿನ ಕಟ್ಟಡದ ಮೇಲ್ಮಹಡಿಯಲ್ಲಿ ನನ್ನ ಶಾಲೆ.
ಹೀಟರು ಒಂದು, ವಿದ್ಯಾರ್ಥಿಗಳು ಮೂವರು.
ಏಳಕ್ಕೆ ಸರಿಯಾಗಿ ಬರುತ್ತಾಳೆ ರಾಸ್ಮಾ, ಲಾತ್ವಿಯಾದವಳು,
ತಲೆಗೆ ಹಾಕಿದ ನೀಲಿ ಬಲೆ ತೆಗೆಯಲು ಮರೆತು.
ರೊಡೇಲಿಯೊ, ಕ್ವಾಬೆನಾ ದೋಣಿಯಿಂದ ನೇರ ಬರುತ್ತಾರೆ,
ಬೂಟು ಬಾಗಿಲಾಚೆ ಬಿಟ್ಟು, ಬರೀ ಕಾಲುಚೀಲದಲ್ಲಿ.

ಇವತ್ತಿನ ಪಾಠ ತುಂಡುವಾಕ್ಯ.
ದೊಡ್ಡಕ್ಷರದಿಂದ ಶುರುವಾಗಿ ಚುಕ್ಕಿಯಿಂದ ಮುಗಿದು
ವಾಕ್ಯದ ವೇಷ ಹಾಕಿ ಸಾಲಿನಲ್ಲಿ ನಿಂತಿರುತ್ತದೆ;
ತಟ್ಟಿ ನೋಡಿದರೆ ಟೊಳ್ಳು.
ಒಂದೋ ಮಾಡಿದವರಿಲ್ಲ, ಇಲ್ಲವೇ ಮಾಡಿದ್ದೇನೂ ಇಲ್ಲ,
ಎರಡೂ ಇದ್ದರೂ ಮೊದಲಲ್ಲೇ ಒಂದು ‘ಬಿಕಾಸ್’ ಕೂತು
ಒರಗಲು ಇನ್ನೊಬ್ಬರ ಹೆಗಲು ಹುಡುಕುತ್ತಿರುತ್ತದೆ.

ರೊಡೇಲಿಯೊನ ಪುಸ್ತಕದಲ್ಲಿ:
“ಬಲೆ ಎಳೆಯುತ್ತಾ. ಹಾಡುತ್ತಾ. ಬೆಳಗಿನ ತನಕ.”
ಎಳೆದದ್ದು ಯಾರಪ್ಪ?
ಅವನಿಗೆ ನನ್ನ ಮೇಲೆ ಕನಿಕರ ಬಂತು.
“ನಾವೇ, ಸರ್. ಆ ಹೊತ್ತಲ್ಲಿ ಇನ್ಯಾರು ಎಚ್ಚರ ಇರ್ತಾರೆ?”
ಹಾಗಾದರೆ ‘ನಾವು’ ಅಂತ ಬರಿ.
ಬರೆದ. ಅಷ್ಟು ಚಿಕ್ಕ ಪದಕ್ಕೆ
ಪೆನ್ಸಿಲು ಮುರಿಯುವಷ್ಟು ಒತ್ತಿ.

ಕ್ವಾಬೆನಾನದು ತದ್ವಿರುದ್ಧ ರೋಗ. ಚುಕ್ಕಿ ಎಂದರೆ ಅವನಿಗೆ ಜಿಪುಣತನ;
ಒಂದೇ ವಾಕ್ಯ ಟೇಮಾ ಬಂದರಿನಿಂದ ಹೊರಟು
ಎರಡು ಪುಟ ದಾಟಿ ಅಬರ್ಡೀನಿನಲ್ಲಿ ಇಳಿಯುತ್ತದೆ.
ಅದಕ್ಕೆ ಮದ್ದು ಬೇರೊಂದು ವಾರ.

ರಾಸ್ಮಾ ಬರೆದಿದ್ದಾಳೆ:
“ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ.
ನನ್ನ ಕೈ ಮೀನು ನಾರುವುದರಿಂದ.”
ಎರಡನೆಯದು ತುಂಡು, ಎಂದೆ.
ಹೊಸದೇನೂ ಸೇರಿಸಬೇಕಾಗಿಲ್ಲ, ನೋಡು,
ನಡುವಿನ ಚುಕ್ಕಿಯೊಂದನ್ನು ಅಳಿಸು;
ಅದು ಹಿಂದಿನ ವಾಕ್ಯದ್ದೇ ಬಾಲ, ಮೊದಲಿಂದಲೂ.
ಅಳಿಸಿದಳು. ಎರಡೂ ಒಂದೇ ಸೀಟಿನಲ್ಲಿ ಕೂತವು.
“ಈಗ ಸರಿಯಾ?”
ವ್ಯಾಕರಣ ಸರಿ, ಎಂದೆ.

ನಾನು ಮೇಷ್ಟರಾದದ್ದು ಮುದಿತನದಲ್ಲಿ.
ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಕಡಲ ರೇಡಿಯೋ ಕೇಂದ್ರದಲ್ಲಿ
ಕಿವಿ ಮುಚ್ಚಿಕೊಂಡು ಕೂತು ತುಂಡುಗಳನ್ನೇ ತಿಂದವನು.
“ಎಂಜಿನ್ ಇಲ್ಲ.” “ಎಡಕ್ಕೆ, ಇನ್ನೂ ಎಡಕ್ಕೆ.” “ಹಗ್ಗದ ಮೇಲೆಲ್ಲ ಹಿಮ.”
ಕರ್ತೃಪದ ಎಲ್ಲಿ ಎಂದು ನಾನು ಯಾರನ್ನೂ ಕೇಳಲಿಲ್ಲ.
ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯುವುದು ನಿಯಮ,
ಪಕ್ಕದಲ್ಲಿ ಗಂಟೆ, ನಿಮಿಷ.
ಒಂದು ಜನವರಿಯ ರಾತ್ರಿ, ಎರಡು ನಲವತ್ತಕ್ಕೆ,
“ನಾವು ಆರು ಜನ”
ಆಮೇಲೆ ಬರೀ ಗೊರಗೊರ.
ಬೆಳಗಾಗುವ ತನಕ ಪೆನ್ಸಿಲನ್ನು
ಆ ಸಾಲಿನ ಮೇಲೇ ಹಿಡಿದಿದ್ದೆ.

ಇವತ್ತು ಯಾಕೋ ಅದನ್ನೇ ಬೋರ್ಡಿಗೆ ಬರೆದೆ.
ಅಭ್ಯಾಸಕ್ಕೆ ಅಂತ. ಹಿಂದುಮುಂದು ಹೇಳಲಿಲ್ಲ.
ಕ್ರಿಯಾಪದ ಕಾಣೆಯಾಗಿದೆ, ಎದ್ದು ಬಂದು ತುಂಬಿ.

ರೊಡೇಲಿಯೊ: ನಾವು ಆರು ಜನ ಅನ್ನಕ್ಕೆ ಕಾಯುತ್ತಿದ್ದೇವೆ.
ರಾಸ್ಮಾ: ನಾವು ಆರು ಜನ ಒಂದೇ ಕೋಣೆಯಲ್ಲಿ ಮಲಗುತ್ತೇವೆ,
ಪಾಳಿಯ ಪ್ರಕಾರ.
ಕ್ವಾಬೆನಾ ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನಿಂತ.
ಎರಡು ಪುಟದ ಆಸಾಮಿ ಬರೆದದ್ದು ಇಷ್ಟೇ:
ನಾವು ಆರು ಜನ ಬಂದೆವು.

ಮೂರಕ್ಕೂ ಸರಿ ಗುರುತು ಹಾಕಿದೆ.
ಕೊನೆಯದಕ್ಕೆ ಹಾಕುವಾಗ ಕೈ ತಡವಾಯಿತೇನೋ,
“ತಪ್ಪಿದೆಯಾ, ಸರ್?” ಎಂದ.
ಇಲ್ಲ. ಕರ್ತೃ ಇದೆ, ಕ್ರಿಯೆ ಇದೆ,
ನೀನು ಎಂದೂ ಇಡದ ಚುಕ್ಕಿಯೂ ಇದೆ.

ಕೆಳಗೆ ಐಸಿನ ಲಾರಿ ಪೀಪಿ ಊದುತ್ತಾ ಹಿಂದಕ್ಕೆ ಬರುತ್ತಿತ್ತು.
ಹೊತ್ತಾಗಿತ್ತು. ಬೋರ್ಡಿನ ಮೂಲೆಯಲ್ಲಿ ಬರೆದೆ:
ಮುಂದಿನ ಸೋಮವಾರ, ಅಲ್ಪವಿರಾಮ.
ತಲೆಯ ಬಲೆ ಈಗ ನೆನಪಾಗಿ ಬಿಚ್ಚುತ್ತಿದ್ದ ರಾಸ್ಮಾ
ಕತ್ತು ಹೊರಳಿಸಿ ಕೇಳಿದಳು:
“ಕ್ರಿಯಾಪದ ಎಲ್ಲಿ, ಸರ್?”