ಕೆಂಪು

ಕಾರವಾರದ ಮೀನುಪೇಟೆಯಲ್ಲಿ ದಿನಾ
ಬಂಗಡೆಯ ಕಿವಿರು ಎತ್ತಿ ತೋರಿಸುತ್ತೇನೆ:
‘ನೋಡಿ ಅಣ್ಣ, ಕೆಂಪು. ಇವತ್ತಿಂದೇ.’

ಮನೆಗೆ ಬಂದು ಅದೇ ಬೆರಳಿಂದ
ತುಳಜಾಳ ತುಟಿ ಎತ್ತುತ್ತೇನೆ.
ಮೂರು ಸಲ ಸೋಪು ಹಾಕಿದರೂ ಮೂಗು ಮುರಿಯುತ್ತಾಳೆ.
ಇಲ್ಲಿ, ಒಸಡಿನಲ್ಲಿ,
ಕೆಂಪು ಕಂಡರೆ ಎದೆ ಧಸಕ್ಕೆನ್ನುತ್ತದೆ.

ಮೊದಲ ಹಲ್ಲು ಬಂದದ್ದೇ ಎರಡು ವರ್ಷಕ್ಕೆ.
ಉಳಿದವು ತೋಚಿದಾಗ, ತೋಚಿದ ಕಡೆ.
ಡೌನ್ ಸಿಂಡ್ರೋಮ್ ಮಕ್ಕಳಿಗೆ ಹೀಗೂ ಉಂಟಂತೆ.
ಎರಡು ಬರುವುದೇ ಇಲ್ಲ;
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು ಅಂದರು,
‘ಬೀಜವೇ ಇಲ್ಲ, ಕಾಯಬೇಡಿ.
ಇದ್ದವನ್ನು ಕಾಯಿರಿ.’

ನಾಲಿಗೆ ಬ್ರಶ್ಶನ್ನು ಹೊರದಬ್ಬುತ್ತದೆ,
ಕಾಳಿಯ ಅಳಿವೆಯಲ್ಲಿ ಹೊರಟ ದೋಣಿಯನ್ನು
ಭರತ ಹಿಂದಕ್ಕೆ ದಬ್ಬುವ ಹಾಗೆ.
ಸುಮ್ಮನೆ ಹಿಡಿದು ನಿಲ್ಲುತ್ತೇನೆ. ಇಳಿತ ಬರುತ್ತದೆ.
ಅವಳೇ ಎಣಿಸುತ್ತಾಳೆ,
ಏಳಾದ ಮೇಲೆ ಮತ್ತೆ ಐದು.
ಆಗಲಿ, ಐದರಿಂದಲೇ ಉಜ್ಜುತ್ತೇನೆ.

ನಿನ್ನೆ ಬ್ರಶ್ ಕಸಿದುಕೊಂಡಳು:
‘ಆಯಿ, ಆ ಮಾಡು.’
ಎಲೆಯಡಿಕೆಯ ನನ್ನ ಬಾಯೊಳಗೆ
ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.
‘ಕೆಂಪು.’

ನನ್ನ ಮುಖ ಸಣ್ಣಗಾಯಿತೇನೋ,
ಗಲ್ಲ ತಟ್ಟಿ
‘ಇವತ್ತಿಂದೇ’ ಅಂದಳು.