ಮಾಳಿಗಿ ಬಾಡಗಿ

ಮೂವತ್ತೊಂದು ವರ್ಷ ಮಂದಿ ಮನಿ ಮೀಟರು ಓದಿದಾಂವ ನಾನು.
ಮೈಂದರ್ಗಿಯ ಓಣಿ ಓಣಿ,
ಬ್ಯಾಟರಿ ಹಿಡಿದು, ಬಾಗಿ, ಜೇಡರ ಬಲಿ ಒರಸಿ,
ಅಂಕಿ ಬರಕೊಂಡು, ನಾಯಿಗಿ ಹೆದರಿ ಹೊರಗ ಬಂದಾಂವ.
ಯಾರ ಮನಿಗಿ ಫ್ರಿಜ್ ಬಂತು,
ಯಾರ ಮನಿ ದೀಪ ಎಂಟಕ್ಕೇ ಆರತದ,
ಕೇಳದೇ ತಿಳದಿತ್ತು.

ಹಂಗಾಗಿ ಸೊಲ್ಲಾಪುರದಿಂದ ಬಂದ ಬಿರಾಜದಾರರ ಓಂಕಾರ
"ಕಾಕಾ, ಐದ ವರ್ಷಕ್ಕ ರೊಕ್ಕ ವಾಪಸ್,
ಮುಂದಿನ ಇಪ್ಪತ್ತು ವರ್ಷ ಪುಕ್ಕಟ" ಅಂದಾಗ
ಹಳೇ ರೀಡಿಂಗ್ ವಹಿ ತಗದು
ಖಾಲಿ ಹಾಳಿ ಮ್ಯಾಲ ಗೆರಿ ಎಳದೆ.

ಸಬ್ಸಿಡಿ ಕಳದು ಒಂದು ಲಕ್ಷ ಹನ್ನೆರಡು ಸಾವಿರ.
ಬಿಲ್ಲು ತಿಂಗಳಿಗಿ ಹದಿನಾರು ನೂರು, ಬ್ಯಾಸಗಿಗಿ ಇನ್ನೂ ಜಾಸ್ತಿ.
ಬ್ಯಾಂಕಿನಾಗಿಟ್ಟಿದ್ದರ ಬರತಿದ್ದ ಬಡ್ಡಿ
ಹುಡುಗ ಹೇಳಿರಲಿಲ್ಲ. ನಾ ಕೂಡಸಿದೆ.
ಆರು ವರ್ಷ ಎಂಟು ತಿಂಗಳು ಅಂತು ಪೆನ್ನು.
ಇಪ್ಪತ್ತೈದು ವರ್ಷ ವಾರಂಟಿ.
ನನಗ ಅರವತ್ಮೂರು.
ನನ್ನ ವಾರಂಟಿ ಕಾಗದ ಯಾರ ಹಂತ್ಯಾಕ ಅದ?

ಅಡಗಿ ಮನಿಯಿಂದ ಸುಗಲಾಬಾಯಿ ಕೇಳಿದಳು:
"ಆ ಲೆಕ್ಕದಾಗ ನನ್ನ ಮಾಳಿಗಿ ಎಲ್ಲದ?

ಶ್ಯಾವಿಗಿ ಒಣಗೂದೆಲ್ಲಿ, ಕುರಡಿಗಿ ಎಲ್ಲಿ,
ವರ್ಷದ ಖಾರಕ್ಕ ಮೆಣಸಿನಕಾಯಿ ಹರವೂದೆಲ್ಲಿ?
ಸೂರ್ಯಾ ಇಷ್ಟು ದಿನ ನನ್ನ ಆಳು.
ಕೂಲಿ ಕೊಟ್ಟಿಲ್ಲ ಖರೆ, ಆದರ ಆಳು ನಂದು.
ಈಗ ನೀವು ಅಂವನ್ನ ಬೋರ್ಡಿನವರ ಕೆಲಸಕ್ಕ ಹಚ್ಚತೀರಿ.
ಹಿಡೀರಿ ಮಾಳಿಗಿ ಬಾಡಗಿ, ತಿಂಗಳಿಗಿ ಮುನ್ನೂರು."

ಹಿಡದೆ.
ಎಂಟೂವರಿ ವರ್ಷಕ್ಕ ಜಿಗೀತು ಲೆಕ್ಕ.

ಆದರೂ ಹಾಕಿಸಿದೆ.
ಜನ್ಮವೆಲ್ಲ ಮುಂದಕ್ಕ ಓಡೋ ಅಂಕಿ ನೋಡಿದ ಕಣ್ಣು
ಒಮ್ಮೆ ಅದು ಹಿಂದಕ್ಕ ಬರೂದು ನೋಡಬೇಕಂತು.
ಹಿಂದಕ್ಕೇನು ಬರಲಿಲ್ಲ ಬಿಡ್ರಿ.
ಹೊಸ ಮೀಟರಿನಾಗ ಅಂಕಿ ಎರಡು:
ತೊಗೊಂಡದ್ದೊಂದು, ಕೊಟ್ಟದ್ದೊಂದು.
ಎರಡೂ ಮುಂದಕ್ಕೇ ಓಡತಾವ.

ಅಕಿ ಹಟಕ್ಕ ಎಂಟು ಫೂಟಿನ ಕಬ್ಬಣದ ಕಾಲು,
ಇನ್ನೂ ಇಪ್ಪತ್ತೆರಡು ಸಾವಿರ.
ಐದು ದಿನಕ್ಕೊಮ್ಮೆ ಬರೋ ನಳದ ನೀರಾಗ
ಎರಡು ಕೊಡ ಎಮ್ಮಿಗಿ, ಎರಡು ಕೊಡ ಪ್ಯಾನಲಿನ ಧೂಳಿಗಿ.
ವಹಿಯಾಗ 'ನೀರು' ಅಂತ ಬರದೆ.
ಮುಂದ ಏನು ಬೆಲಿ ಹಾಕೂದು?
ಆ ಸಾಲು ಹಂಗೇ ಅದ.

ಮೊದಲನೇ ಬ್ಯಾಸಗ್ಯಾಗ ಹಾಡಹಗಲ ಲೈಟ್ ಹೋತು.
ನೆತ್ತಿ ಮ್ಯಾಲ ಬಿಸಲು ಕುದೀತದ, ಒಳಗ ಫ್ಯಾನು ನಿಂತದ.
ಎದರು ಕಟ್ಟಿಯಿಂದ ಮೌಲಾಲಿ ನಕ್ಕ:
"ಏ ಮೀಟರಪ್ಪ, ಹೊಳಿಯಾಗ ನಿಂತು ನೀರಡಸಿದಿಯಲ್ಲೋ!"

ಊರ ತಂತಿ ಸತ್ತಾಗ ನಮ್ಮದೂ ಕಣ್ಣು ಮುಚ್ಚಬೇಕು,
ಕಂಬ ಹತ್ತಿದ ಹುಡುಗನ ಜೀವಕ್ಕ.
ತೊಂಬತ್ತೇಳರಾಗ
ರೇವಣಸಿದ್ಧನ್ನ ಕಂಬದಿಂದ ಇಳಿಸಿಕೊಂಡ ಕೈ ಇವು.
ಮೌಲಾಲಿಗಿ ಏನೂ ಅನಲಿಲ್ಲ.
ಬೀಸಣಿಗಿ ಹುಡುಕಿದೆ.

ಈಗ ಆ ಕಬ್ಬಣದ ಕಾಲಿನ ನಡಕ, ನೀಲಿ ನೆರಳಾಗ,
ನಾಲ್ಕು ಮನಿ ಹೆಂಗಸರು ಮಧ್ಯಾಹ್ನ ಶ್ಯಾವಿಗಿ ಹೊಸೀತಾರ.
ಒಣಗಿಸಲಿಕ್ಕ ಮೌಲಾಲಿ ಮಾಳಿಗಿಗಿ ಒಯ್ತಾರ.
ಅಂವ ಬಾಡಗಿ ಕೇಳಿಲ್ಲ,
ಈದಿನ ಖೀರಿಗಿ ಒಂದು ಸೇರು ಶ್ಯಾವಿಗಿ ಕೇಳ್ಯಾನ.
ಇದು ಜಮಾ ಬದಿಗಿ ಬರೀಬೇಕೋ ಖರ್ಚಿನ ಬದಿಗಿ ಬರೀಬೇಕೋ,
ಸುಗಲಾಬಾಯಿ ಇನ್ನೂ ಹೇಳಿಲ್ಲ.

ಮೀಟರು ಓದಾಕ ಈಗ ಒಂದು ಹುಡುಗಿ ಬರತಾಳ.
ಫೋನಿನಾಗ ಫೋಟೊ ಹೊಡದು ಹೊಂಟಾಕಿ
ಮೊನ್ನೆ ತಿರುಗಿ ನಿಂತಳು:
"ಕಾಕಾ, ಫಾಯದೆ ಅದ ಏನು? ನಮ್ಮಪ್ಪ ಕೇಳಾಕತ್ಯಾನ."

ವಹಿ ಅಕಿ ಕೈಗಿ ಕೊಟ್ಟೆ.
"ಎಲ್ಲಾ ಇದರಾಗ ಅದ, ಓದು.
ಅದಕ್ಕೂ ಮೊದಲ ನಿಮ್ಮವ್ವನ್ನ ಕೇಳು,
ಮಾಳಿಗಿ ಮ್ಯಾಲ ಏನೇನು ಒಣಗತದಂತ."